ಇದ್ದಿಲಿನೊಳಗಿನ ಸೀಸ

ಇದು ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ಆಯಿಸಿ ಬಾಕ್ಸಿಗೆ ತುಂಬಿಸುವ ಮೇಸ್ತ್ರಿ ಅವರು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಎರಡು ಚೀಲ ಮಾವಿನ ವಾಟೆ ಬೇಕು ಎಂದು ಕೇಳಲು ಹೋದಾಗ, ವಾಟೆಯನ್ನು ಟೆಂಕ ಎನ್ನುವ ಅವರು ಮಂಡಿಗೆಲ್ಲ ಕೇಳುವಂತೆ ಹೇಳಿದರು:

"ನೋಡ್ರಪ್ಪಾ, ನಮ್ಮಕ್ಕನ ಮಗಳು ಟೆಂಕ ಸುಟ್ಟು ನೀರಲ್ಲಿರೋ ವಿಷ ತೆಗೀತಾಳಂತೆ! ಅದಿ ಅಯ್ಯೇದಾ ಪೊಯ್ಯೇದಾ? ಆಗೋ ಮಾತಾ ಹೋಗೋ ಮಾತಾ? ಹಂಗಾಗಂಗಿದ್ರೆ ಈ ಮಂಡಿ ಹಿಂದಿನ ಮೋರಿ ನೀರು ಇಷ್ಟೊತ್ಗೆ ಅಮೃತ ಆಗ್ಬೇಕಿತ್ತು. ಅದ್ರೊಳಗೆ ಎಷ್ಟ್ ಟೆಂಕ ಬಿದ್ದವೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು. ಅವರಿಗೆ ನಂಬಿಕೆ ಇಲ್ಲದೆ ಇದ್ದದ್ದು ವಾಟೆಯ ಮೇಲೊಂದೇ ಅಲ್ಲ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಹತ್ತನೇ ಕ್ಲಾಸು ದಾಟಿದವಳು ಅಕ್ಕ ಒಬ್ಬಳೇ, ಅವಳೂ ಪಿಯುಸಿ ಮೊದಲ ವರ್ಷಕ್ಕೇ ಮುಳಬಾಗಿಲು ಕಡೆಗೆ ಮದುವೆಯಾಗಿ ಹೋದಳು. ಅಪ್ಪ, ಅಮ್ಮ, ಹಸು, ಹಿಪ್ಪುನೇರಳೆ, ಸುಗಟೂರಿನಿಂದ ಕೋಲಾರಕ್ಕೆ ಬಸ್ಸು: ನಮ್ಮ ಪ್ರಪಂಚ ಅಷ್ಟೇ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಸೊಪ್ಪು ಕೊಯ್ದು ಹುಳಕ್ಕೆ ಹಾಕಿ, ಆಮೇಲೆ ಕಾಲೇಜಿಗೆ ಓಡುತ್ತಿದ್ದವಳು ನಾನು. ಡಿಗ್ರಿ ಮುಗಿಸಿದಾಗಲೂ ಮಾವ "ಅದು ಸರಿ, ಮುಂದಕ್ಕೆ?" ಎಂದಿದ್ದರು.

ಆದರೂ ಎರಡು ಚೀಲ ಕೇಳಿದರೆ ಮೂರು ಚೀಲ ಕೊಟ್ಟರು. ತಾವೇ ಹೊತ್ತು ತಂದು ಬಸ್ಸಿನೊಳಗೆ ತುರುಕಿದರು. ಕಂಡಕ್ಟರು ಮೂಗು ಮುಚ್ಚಿಕೊಂಡು, "ಏನ್ ಸ್ವಾಮಿ, ಹಣ್ಣೆಲ್ಲ ನೀವ್ ತಿಂದು ವಾಟೆ ಮಾತ್ರ ನಮ್ ಬಸ್ಸಿಗಾ?" ಎಂದ. "ಕಾಲೇಜಿಗಪ್ಪಾ, ಸೈನ್ಸು!" ಎಂದು ಮಾವ ಗದರಿದರು. ಆ ಗದರಿಕೆಯಲ್ಲಿ ಸ್ವಲ್ಪ ಜಂಬವೂ ಇದ್ದಂತೆ ನನಗೆ ಕೇಳಿಸಿತು.

ಸೀಸವನ್ನೇ ನಾನು ಯಾಕೆ ಆರಿಸಿಕೊಂಡೆ ಎಂದು ಹೇಳಬೇಕು. ಮಾಲೂರು ಕಡೆಯ ಒಂದು ಊರಿನಲ್ಲಿ ಹಳೇ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸುವ ಶೆಡ್ಡೊಂದಿತ್ತು. ಅದು ಮುಚ್ಚಿ ಎಷ್ಟೋ ಕಾಲವಾಗಿದೆ. ಶೆಡ್ಡಿನ ಪಕ್ಕದ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಕೊಂಡು ಬರಲು ನಮ್ಮ ಗೈಡ್ ಮೇಡಮ್ ನನ್ನನ್ನು ಕಳಿಸಿದರು. ಬಿಸಿಲು. ಅಲ್ಲಿ ಕೊಡ ತುಂಬುತ್ತಿದ್ದ ಹೆಂಗಸೊಬ್ಬರು ಒಂದು ಚೊಂಬು ನೀರು ಹಿಡಿದು, "ಮಕ ಬಾಡೋಗದೆ, ಕುಡಿಯಮ್ಮ. ನಮ್ ನೀರು ಸಕ್ಕರೆ ಹಂಗದೆ" ಎಂದರು. ನಾನು ಚೊಂಬನ್ನು ತುಟಿಗೆ ಮುಟ್ಟಿಸಿ, ಕುಡಿದಂತೆ ಮಾಡಿ, ಅವರು ಆಚೆ ತಿರುಗಿದಾಗ ಚೆಲ್ಲಿದೆ. ರಿಪೋರ್ಟು ಬಂದಾಗ ಆ ನೀರಿನಲ್ಲಿ ಸೀಸ ಇತ್ತು. ಕಣ್ಣಿಗೆ ಕಾಣದು, ಮೂಗಿಗೆ ಬಾರದು, ಕುದಿಸಿದರೂ ಹೋಗದು. ಊರಿನ ಪಂಚಾಯಿತಿಗೆ ಮೇಡಮ್ ಆ ರಿಪೋರ್ಟನ್ನು ಕೊಟ್ಟು ಬಂದರು. ನನಗೆ ಮಾತ್ರ ಆ ಚೊಂಬಿನ ತಣ್ಣನೆ ಅಂಚು ಬಹಳ ದಿನ ತುಟಿಯ ಮೇಲೇ ಇತ್ತು. ಹೆದರಿಕೆ ನನಗೆ ಶುರುವಾದದ್ದು ಅಲ್ಲಿಂದ.

ವಾಟೆಯ ಕೆಲಸ ಹೇಳುವಷ್ಟು ಸುಲಭವಲ್ಲ. ನಾರು ಹೋಗುವಂತೆ ತೊಳೆದು, ಒಣಗಿಸಿ, ಒಡೆದು, ಒಳಗಿನ ಬೀಜ ತೆಗೆದು, ಮೇಲಿನ ಚಿಪ್ಪನ್ನಷ್ಟೇ ಪುಡಿ ಮಾಡಬೇಕು. ಅದನ್ನು ಫಾಸ್ಫಾರಿಕ್ ಆಸಿಡ್ಡಿನಲ್ಲಿ ನೆನೆಸಿ, ಗಾಳಿಯಾಡದ ಮುಚ್ಚಳದ ಪಾತ್ರೆಯಲ್ಲಿಟ್ಟು ಲ್ಯಾಬಿನ ಕುಲುಮೆಯಲ್ಲಿ ಸುಡಬೇಕು. ಆಮೇಲೆ ಆಸಿಡ್ಡಿನ ಅಂಶ ಹೋಗುವವರೆಗೆ ಬಿಸಿನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು ಆಕ್ಟಿವೇಟೆಡ್ ಕಾರ್ಬನ್, ಅಂದರೆ ಮೈತುಂಬ ಕಣ್ಣಿಗೆ ಕಾಣದ ತೂತುಗಳಿರುವ ಇದ್ದಿಲು. ಸೀಸವಿರುವ ನೀರಿಗೆ ಅದನ್ನು ಹಾಕಿ ಅಲ್ಲಾಡಿಸಿ ಸೋಸಿದರೆ, ಸೀಸ ಇದ್ದಿಲಿಗೆ ಅಂಟಿಕೊಂಡು ನೀರು ಈಚೆ ಬರುತ್ತದೆ.

ಬಂತು. ನನ್ನ ವಾಟೆಯ ಇದ್ದಿಲು ಸೋಸಿದ ನೀರಿನಲ್ಲಿ ಸೀಸ ಇಲ್ಲವೇನೋ ಎನ್ನುವಷ್ಟು ಕಡಿಮೆಯಾಗಿತ್ತು. ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದೆ, ಕಾಲು ನೋಯಲಿಲ್ಲ. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಈ ಇದ್ದಿಲು ವಿಷವನ್ನೆಲ್ಲ ಎಳೆದುಕೊಳ್ಳುತ್ತದೆ ಎಂದೆ. ಅಪ್ಪನಿಗೆ ಒಂದು ಸಲ, ಡೈರಿಗೆ ಹಾಲು ಹಾಕಲು ಬಂದ ಪಕ್ಕದ ಮನೆಯವರಿಗೆ ಇನ್ನೊಂದು ಸಲ, ಮಾವನಿಗೆ ಫೋನಿನಲ್ಲಿ ಮತ್ತೊಂದು ಸಲ. ವಿಷ ನೀರಿನಿಂದ ಹೋಯಿತು ಎಂಬುದನ್ನು ಎಷ್ಟು ಬಾಯಿ ಇದ್ದವೋ ಅಷ್ಟರಲ್ಲೂ ಹೇಳಿಸಿದೆ. ಹೋದ ವಿಷ ಎಲ್ಲಿದೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಆ ಹೊತ್ತಿಗೆ ಅಕ್ಕ ಏಳು ತಿಂಗಳ ಬಸುರಿ. ಚೊಚ್ಚಲು. ಹೆರಿಗೆಗೆ ತವರಿಗೆ ಬಂದಿದ್ದಳು. ಭಾವ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು, ಭಾನುವಾರ ಬಂದು ನೋಡಿಕೊಂಡು ಹೋಗುತ್ತಿದ್ದರು. ಅಕ್ಕನಿಗೆ ಯಾವ ವಾಸನೆಯೂ ಆಗುತ್ತಿರಲಿಲ್ಲ. ಒಗ್ಗರಣೆ ಆಗದು, ಸೋಪು ಆಗದು.

ನಾನು ಮಾಡಿದ ತಪ್ಪು ಹೀಗೆ. ಕಾಲೇಜಿನ ಲ್ಯಾಬಿನಲ್ಲಿ ಓವನ್ ಕೆಟ್ಟಿತು. ಸೀಸ ಹಿಡಿದ ಇದ್ದಿಲನ್ನು ಒಣಗಿಸಿ ತೂಕ ಮಾಡಿ ಕೊನೆಯ ಪ್ರಯೋಗ ಮುಗಿಸಬೇಕಿತ್ತು. ರಿಪೇರಿಯವನು ಇವತ್ತು ನಾಳೆ ಅನ್ನುತ್ತಿದ್ದ. ನಮ್ಮ ಮನೆಯ ತಾರಸಿಯ ಮೇಲೆ ಬಿಸಿಲಿಗೇನು ಕಡಿಮೆ? ಮೇಡಮ್‌ಗೆ ಹೇಳದೆ ಒದ್ದೆ ಇದ್ದಿಲನ್ನು ಮನೆಗೆ ತಂದೆ. ತಟ್ಟೆಯಲ್ಲಿ ಹರಡಿ ಒಣಗಿಸಿ, ಖಾಲಿ ಉಪ್ಪಿನಕಾಯಿ ಬಾಟಲಿಗೆ ತುಂಬಿ, ಕಿಟಕಿಯ ಗೂಡಿನಲ್ಲಿಟ್ಟೆ. ಮೇಲೆ ಚೀಟಿ ಅಂಟಿಸಿದೆ, ಇಂಗ್ಲಿಷಿನಲ್ಲಿ. ಸೀಸಕ್ಕೆ ನಾವು ಬರೆಯುವ ಎರಡಕ್ಷರ, ಒಂದು ನಂಬರು, ತಾರೀಕು. ಅಮ್ಮನಿಗೆ ಇಂಗ್ಲಿಷು ಬಾರದು. "ಕಾಲೇಜಿಂದು, ಚೆಲ್ಬೇಡಿ" ಎಂದಷ್ಟೇ ಹೇಳಿದ್ದೆ. ಚೆಲ್ಲಬೇಡಿ ಎಂದರೆ ಬೆಲೆಯುಳ್ಳದ್ದು ಎಂದು ಅರ್ಥವೇ ಹೊರತು ಕೆಟ್ಟದ್ದು ಎಂದಲ್ಲವಲ್ಲ.

ಅದಾಗಿ ನಾಲ್ಕನೇ ದಿನ ಬೆಳಿಗ್ಗೆ ಹಾಲು ಹಾಕಿ ಬಂದೆ. ಅಕ್ಕ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದಳು. ನನ್ನ ಕಡೆ ತಿರುಗಿ ಬಾಯಿ ಅಗಲಿಸಿದಳು. ಹಲ್ಲು, ವಸಡು, ತುಟಿ ಎಲ್ಲ ಕಪ್ಪು.

"ಲೇ, ಹೆಂಗಿದೀನಿ ನೋಡೇ! ದೆವ್ವದ್ ಥರ ಇಲ್ವಾ?"

"ಅದೇನಕ್ಕಾ ಅದು?"

"ನಿನ್ ಇದ್ಲೇ ಕಣೇ. ಪೇಸ್ಟ್ ಬಾಯಿಗಿಟ್ರೆ ವಾಂತಿ ಬರ್ತದೆ. ಅಮ್ಮ ನಿನ್ ಬಾಟ್ಲಿಂದ ಒಂಚೂರು ತೆಗ್ದು ಉಪ್ಪು ಬೆರ್ಸಿ ಕೊಟ್ಳು. ಎಷ್ಟು ನೈಸಾಗದೆ ಅಂತೀಯ! ಒಲೆ ಇದ್ಲು ಇದ್ರ ಮುಂದೆ ಜಲ್ಲಿಕಲ್ಲು."

ನನ್ನ ಕೈಯಲ್ಲಿದ್ದ ಹಾಲಿನ ಕ್ಯಾನು ಎಲ್ಲಿ ಬಿತ್ತೋ ಗೊತ್ತಿಲ್ಲ. "ಉಗಿ! ಉಗಿ ಅಕ್ಕಾ, ಉಗಿ!" ಎಂದು ಕಿರುಚಿದೆ. ಅವಳ ಬಾಯಿಗೆ ನೀರು ಹಾಕಿ ಮುಕ್ಕಳಿಸುವಂತೆ ಮಾಡಿದೆ, ಮತ್ತೆ ಹಾಕಿದೆ, ಮತ್ತೆ.

ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಯಾಕೇ ಹಂಗ್ ಅರಚ್ಕೊಂತೀಯ ಬಸುರಿ ಮುಂದೆ? ಒಂದ್ ಚಿಟಿಕೆ ತಗೊಂಡಿದ್ದಕ್ಕೆ ನಿನ್ ಪರೀಕ್ಷೆ ಫೇಲಾಗ್ಬಿಡ್ತದಾ?"

"ಅದ್ರಲ್ಲಿ ಸೀಸ ಇದೆ ಅಮ್ಮಾ. ವಿಷ."

"ನೀನೇ ತಾನೆ ಹೇಳಿದ್ದು, ವಿಷಾನೆಲ್ಲ ತೆಗೀತದೆ ಅಂತ? ನೀರಿಂದ್ ತೆಗ್ಯೋದು ಬಾಯಿಂದ್ ತೆಗ್ಯಲ್ವಾ?"

ತಿಂಗಳುಗಟ್ಟಲೆ ಬಡಾಯಿ ಕೊಚ್ಚಿದವಳು, ಇದ್ದಿಲು ವಿಷವನ್ನು ನುಂಗಿ ಜೀರ್ಣ ಮಾಡಿಕೊಳ್ಳುವುದಿಲ್ಲ, ಒಳಗೇ ಇಟ್ಟುಕೊಂಡಿರುತ್ತದೆ ಎಂಬ ಒಂದು ಮಾತನ್ನು ಆಗ ತಡವರಿಸುತ್ತ ಹೇಳಿದೆ. ಅಮ್ಮ ಕೇಳುತ್ತ ಕೇಳುತ್ತ ಕಲ್ಲಿನ ಮೇಲೆ ಕೂತುಬಿಟ್ಟಳು. ಸೌಟಿನಿಂದ ಸಾರು ಸೀರೆಯ ಮೇಲೆ ಸುರಿಯುತ್ತಿತ್ತು.

ಅಮ್ಮ ಎದ್ದು ಒಳಗೆ ಹೋದ ಮೇಲೆ ನಾನು ಅಕ್ಕನನ್ನು ಕೇಳಿದೆ. "ನಿಜ ಹೇಳು. ನುಂಗಿದ್ಯಾ?"

ಅಕ್ಕ ಸೆರಗಿನ ತುದಿ ತಿರುಚುತ್ತ ಬಾಗಿಲ ಕಡೆ ನೋಡಿದಳು. "ಬೈಬೇಡ. ಎರಡ್ ಸಲ ಒಂಚೂರು ತಿಂದೆ. ಬಯಕೆ ಕಣೇ. ಸುಟ್ಟಿದ್ದನ್ನ ಕಂಡ್ರೆ ಬಾಯಲ್ಲಿ ನೀರೂರ್ತದೆ. ಅತ್ತೆ ಮನೇಲಿ ಬೂದಿನೂ ತಿಂದಿದೀನಿ, ಯಾರ್ಗೂ ಹೇಳಿಲ್ಲ."

ಉಜ್ಜಿ ಉಗಿದಿದ್ದರೆ ಒಂದು ಥರ. ತಿಂದರೆ ಬೇರೆ. ಯಾಕೆಂದರೆ ನಾನು ಮಾಡಬೇಕೆಂದಿದ್ದ ಕೊನೆಯ ಪ್ರಯೋಗವೇ ಅದು: ಸೀಸ ಹಿಡಿದ ಇದ್ದಿಲನ್ನು ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಹಾಕಿದರೆ, ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತದೆಯೇ ಎಂದು ನೋಡುವುದು. ಮೊದಲ ಸಲ ಮಾಡಿದಾಗ ಬಿಟ್ಟುಕೊಟ್ಟಿತ್ತು. ಮನುಷ್ಯರ ಹೊಟ್ಟೆಯಲ್ಲಿ ಇರುವುದೂ ಅದೇ ಆಸಿಡ್ಡು. ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಮಗುವಿಗೆ. ಬಸುರಿಯರ ರಕ್ತದಲ್ಲಿರುವ ಸೀಸ ಮಗುವಿಗೆ ಹೋಗುತ್ತದೆ, ಮಗುವಿನ ಮಿದುಳಿಗೆ ಕೆಡುಕು ಎಂದು ನನ್ನ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ನಾನೇ ಟೈಪ್ ಮಾಡಿದ್ದೆ. ಎಲ್ಲರೂ ಬರೆಯುತ್ತಾರೆ ಎಂದು ಬರೆದ ವಾಕ್ಯ.

ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಬರೀ ಒಂದು ಚಿಟಿಕೆ, ಏನೂ ಆಗಿರಲಾರದು ಎಂದು. ಆ ಗಳಿಗೆಯನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ. ಮೇಡಮ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಎಷ್ಟು ತಿಂದಳು, ಯಾವಾಗ ಎಂದಷ್ಟೇ ಅವರು ಕೇಳಿದರು.

"ಬಾಟಲಿ ತಗೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗು. ಈಗಲೇ. ಪ್ರಾಜೆಕ್ಟ್ ಮಾತು ಆಮೇಲೆ."

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಮಣ್ಣು ತಿಂದು ಬರ್ತಾರೆ, ಸೀಮೆಸುಣ್ಣ ತಿಂದು ಬರ್ತಾರೆ. ಓದಿರೋ ಮನೇಲಿ ಇದೇನಮ್ಮಾ?" ಎಂದರು. ನಮ್ಮ ಮನೆಯನ್ನು ಯಾರಾದರೂ ಓದಿರುವ ಮನೆ ಎಂದದ್ದು ಅದೇ ಮೊದಲು. ನೆಲಕ್ಕಿಳಿದು ಹೋದಂತಾಯಿತು. ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ರಿಪೋರ್ಟು ಬರಲು ಒಂದು ವಾರ ಎಂದರು. ಹಾಲು, ರಾಗಿ, ಸೊಪ್ಪು ಚೆನ್ನಾಗಿ ಕೊಡಿ, ಕೊಟ್ಟ ಮಾತ್ರೆ ತಪ್ಪಿಸಬೇಡಿ, ಮಗು ಒದೆಯುವುದನ್ನು ಲೆಕ್ಕ ಇಡಿ ಎಂದರು.

ಆ ವಾರವನ್ನು ಹೇಗೆ ಹೇಳಲಿ? ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗುಣಿಸುತ್ತ ಕೂತಿರುತ್ತಿದ್ದೆ. ಒಂದು ಗ್ರಾಂ ಇದ್ದಿಲು ಎಷ್ಟು ಸೀಸ ಹಿಡಿದಿದೆ ಎಂಬುದು ನನ್ನದೇ ಪ್ರಯೋಗದಿಂದ ನನಗೆ ಗೊತ್ತಿತ್ತು. ಚಿಟಿಕೆ ಎಂದರೆ ಎಷ್ಟು? ಅಡುಗೆಮನೆಯಿಂದ ಒಲೆ ಇದ್ದಿಲಿನ ಪುಡಿ ತಂದು, ಅಕ್ಕನ ಕೈಯಲ್ಲೇ ಚಿಟಿಕೆ ತೆಗೆಸಿ ಕಾಗದದ ಮೇಲೆ ಹಾಕಿಸಿ ನೋಡಿದೆ. ಒಮ್ಮೆ ದೊಡ್ಡದು, ಒಮ್ಮೆ ಚಿಕ್ಕದು. ಒಂದೊಂದು ಸಲ ಒಂದೊಂದು ಉತ್ತರ. ನನ್ನ ಇದ್ದಿಲು ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತೋ ಅಕ್ಕನಿಗೆ ಅಷ್ಟು ಕೇಡು. ತಿಂಗಳುಗಟ್ಟಲೆ ಯಾವ ಅಂಕಿ ಮೇಲೇರಲಿ ಎಂದು ಒದ್ದಾಡಿದ್ದೆನೋ, ಅದು ಸುಳ್ಳಾಗಲಿ ಎಂದು ಈಗ ಬೇಡುತ್ತಿದ್ದೆ. ಮಾವ ಹೇಳಿದಂತೆ ಇದು ಆಗದ ಕೆಲಸವೇ ಆಗಿರಲಿ, ವಾಟೆ ಸುಟ್ಟರೆ ಬರೀ ಬೂದಿಯೇ ಸಿಗಲಿ ಎಂದು.

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಿಟಕಿಯ ಗೂಡನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು. ಹಿತ್ತಲಿನ ಕಲ್ಲನ್ನು ತಿಕ್ಕಿ ತೊಳೆದಳು. ಆಮೇಲೆ ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಅವಳೇ ನಿಂತು ನೋಡಿದಳು. ಆ ನೋಟ ನನ್ನನ್ನು ಕೊಂದಿತು. ಅಷ್ಟು ದಿನ ಯಾರೂ ಕೇಳದ ಪ್ರಶ್ನೆಯನ್ನು ಅಮ್ಮ ಕಣ್ಣಲ್ಲೇ ಕೇಳಲು ಕಲಿತುಬಿಟ್ಟಿದ್ದಳು.

ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಮೆಲ್ಲಗೆ ಕರೆದಳು. "ಬೆಳಿಗ್ಗೆಯಿಂದ ಒದ್ದಿಲ್ಲ ಕಣೇ."

"ನಿದ್ದೆ ಮಾಡ್ತಿರ್ತದೆ."

"ಇಷ್ಟೊತ್ತಾ?"

ಅಪ್ಪ ಆಟೋ ಕರೆಯಲು ಓಡಿದರು. ಡಾಕ್ಟರಮ್ಮ ಫೋನಿನಲ್ಲಿ ಹೇಳಿದಂತೆ ಅಕ್ಕನನ್ನು ಎಡಮಗ್ಗುಲಿಗೆ ಮಲಗಿಸಿ, ತಣ್ಣೀರು ಕುಡಿಸಿದೆವು. ನಾನು ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತೆ. ರೇಷ್ಮೆ ಹುಳ ಸೊಪ್ಪು ತಿನ್ನುವ ಸರಸರ ಸದ್ದು ಒಳಕೋಣೆಯಿಂದ ಬರುತ್ತಿತ್ತು. ಯಾವತ್ತೂ ಅದು ಅಷ್ಟು ಜೋರಾಗಿ ಕೇಳಿಸಿರಲಿಲ್ಲ. ಅಮ್ಮ ನನ್ನ ಬೆನ್ನ ಹಿಂದೆ ನಿಂತಿದ್ದಳು. ಅವಳ ಉಸಿರು ನನ್ನ ತಲೆಗೂದಲಿಗೆ ತಾಕುತ್ತಿತ್ತು. ನನ್ನ ಅಂಗೈ ಬೆವೆತು ಅಕ್ಕನ ಸೀರೆ ಒದ್ದೆಯಾಯಿತು. ಆಟೋ ಬಂದು ಹಾರ್ನ್ ಹೊಡೆಯಿತು. ಆ ಸದ್ದಿಗೋ ಏನೋ, ಅಂಗೈ ಕೆಳಗೆ ಒಂದು ಗುದ್ದು. ಆಮೇಲೆ ಇನ್ನೊಂದು.

"ಒದೀತು," ಎಂದೆ. ಅಕ್ಕ ಅಳುತ್ತ ನಗುತ್ತ, "ಆಟೋದವ್ನು ಮೊದ್ಲೇ ಬರ್ಬಾರ್ದಿತ್ತಾ!" ಎಂದಳು. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು. ಆ ವಾರದಲ್ಲಿ ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಬಂದ ಆಟೋವನ್ನು ವಾಪಸು ಕಳಿಸಲಿಲ್ಲ, ಆಸ್ಪತ್ರೆಗೆ ಹೋಗಿ ಮಗುವಿನ ಎದೆಬಡಿತ ಕೇಳಿಸಿಕೊಂಡೇ ಬಂದೆವು.

ರಿಪೋರ್ಟು ನನ್ನ ಫೋನಿಗೇ ಬಂತು. ಡಾಕ್ಟರಮ್ಮನ ಮುಂದೆ ಹಿಡಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದರು. "ಇದೆ. ಇರಬಹುದಾದ್ದಕ್ಕಿಂತ ಸ್ವಲ್ಪ ಮೇಲಿದೆ. ಮದ್ದು ಕೊಟ್ಟು ಇಳಿಸುವಷ್ಟಿಲ್ಲ. ತಿಂಗಳು ಬಿಟ್ಟು ಮತ್ತೆ ನೋಡೋಣ." ಭಾವ ಅಲ್ಲೇ ಇದ್ದರು. ಅವರಿಗೆ ಅಕ್ಕನೇ ಎಲ್ಲ ಹೇಳಿದ್ದಳು. ನನ್ನನ್ನು ಏನೂ ಅನ್ನದೆ, "ಸ್ವಲ್ಪ ಅಂದ್ರೆ ಎಷ್ಟು ಮೇಡಮ್?" ಎಂದು ಕೇಳಿದರು. ಮುಂದಿನ ತಿಂಗಳ ರಿಪೋರ್ಟಿನಲ್ಲಿ ಅಂಕಿ ಇಳಿದಿತ್ತು.

ಹೆರಿಗೆ ಕೋಲಾರದಲ್ಲೇ ಆಯಿತು. ಹೆಣ್ಣು ಮಗು. ಅತ್ತಿತು, ಹಾಲು ಕುಡಿಯಿತು, ತೂಕ ಸರಿಯಿತ್ತು. ಎಲ್ಲರೂ ಸಕ್ಕರೆ ಹಂಚಿದರು. ನಾನು ಮಾತ್ರ ಡಾಕ್ಟರಮ್ಮ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದನ್ನು ಹಿಡಿದುಕೊಂಡು ಬಂದೆ: "ಈಗ ಚೆನ್ನಾಗಿದೆ. ಬೆಳೀತಾ ನೋಡ್ಕೋಬೇಕು. ಕೇಳಿಸ್ತದಾ, ಕೂರ್ತದಾ, ಮಾತು ಸಮಯಕ್ಕೆ ಬರ್ತದಾ, ಅದೆಲ್ಲ." ಅಂದಿನಿಂದ ನಾನು ನೋಡುತ್ತಲೇ ಇದ್ದೇನೆ. ಮಗು ಗಿಲಕಿ ಸದ್ದಿಗೆ ತಿರುಗಿದರೆ ಒಂದು ಉಸಿರು, ತಿರುಗದಿದ್ದರೆ ಆ ದಿನ ಅನ್ನ ಸೇರದು. ಬೇರೆ ಚಿಕ್ಕಮ್ಮಂದಿರು ಮಗುವನ್ನು ಆಡಿಸುತ್ತಾರೆ. ನಾನು ಪರೀಕ್ಷೆ ಮಾಡುತ್ತೇನೆ.

ಬಾಟಲಿಯನ್ನು ಕಾಲೇಜಿಗೆ ಹಿಂತಿರುಗಿಸಿದೆ. ಅಂಥದ್ದನ್ನು ಮಣ್ಣಿಗೂ ಹಾಕಬಾರದು, ಮೋರಿಗೂ ಹಾಕಬಾರದು. ಮೇಡಮ್ ಅದನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿಸಿ, ವಿಷಕಸ ಒಯ್ಯುವವರಿಗೆ ಒಪ್ಪಿಸಿದರು. ನನಗೆ ಅವರು ಬೈದದ್ದು ಒಂದೇ ಸಲ, ಆದರೆ ಲ್ಯಾಬಿನ ಬಾಗಿಲು ಹಾಕಿಕೊಂಡು ಬೈದರು. ಪ್ರಾಜೆಕ್ಟಿನಲ್ಲಿ ಒಂದು ಅಧ್ಯಾಯ ಹೆಚ್ಚಿಗೆ ಬರೆಸಿದರು, ಕೆಲಸ ಮುಗಿದ ಇದ್ದಿಲನ್ನು ಏನು ಮಾಡಬೇಕು ಎಂದು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ಆ ಅಧ್ಯಾಯ ತೆರೆದು, "ಇದನ್ನ ಸಾಮಾನ್ಯವಾಗಿ ಯಾರೂ ಇಷ್ಟುದ್ದ ಬರೆಯೋದಿಲ್ಲ. ನೀವ್ಯಾಕೆ ಬರೆದ್ರಿ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದೆ, ಮುಚ್ಚಿಡಲಿಲ್ಲ. ಅವರು ಪೆನ್ನು ಕೆಳಗಿಟ್ಟರು.

ಪಾಸಾದೆ. ಒಳ್ಳೆಯ ದರ್ಜೆಯಲ್ಲೇ ಪಾಸಾದೆ. ನಮ್ಮ ಮನೆತನದಲ್ಲಿ ಮೊದಲ ಪದವಿಯೂ ನನ್ನದೇ, ಅದರ ಮೇಲಿನದೂ ನನ್ನದೇ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ದುಡಿದು ಪಡೆದದ್ದು. ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದ ದಿನ ಆಫೀಸಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿ, ದಪ್ಪ ಕಾಗದವನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಅಕ್ಕ ಚಾಪೆಯ ಮೇಲೆ ಕೂತಿದ್ದಳು, ಮಗು ಅವಳ ಮಡಿಲಲ್ಲಿ. ಅಂಬೆಗಾಲಿಡುವ ವಯಸ್ಸು. ಅಪ್ಪ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಓದಲಾರದೆ, ಮುದ್ರೆಯನ್ನು ಬೆರಳಿನಿಂದ ಸವರಿದರು. ಅಮ್ಮ ಕೈ ಒರೆಸಿಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ನಾನು ಅದನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ನನ್ನ ಹೆಸರಿನ ಮೇಲೆ ಕಣ್ಣಾಡಿಸಿ, ತುಟಿಯಲ್ಲೇ ಓದಿಕೊಂಡಳು. ಅಷ್ಟರಲ್ಲಿ ಮಗು ಎರಡೂ ಕೈ ಚಾಚಿ ಪತ್ರದ ಮೂಲೆಯನ್ನು ಹಿಡಿದು ಬಾಯಿಗೆಳೆಯಿತು. ಅಕ್ಕ ಬೆರಳು ಬಿಡಿಸಿ, ಪತ್ರವನ್ನು ಮೇಲೆತ್ತಿ, ಮೊದಲು ಅದರ ಶಾಯಿಯನ್ನು, ಆಮೇಲೆ ನನ್ನನ್ನು ನೋಡಿದಳು.

"ಚೆನ್ನಾಗದೆ ಕಣೇ. ಮೇಲಿಡು," ಎಂದಳು. "ಈ ಶಾಯಿಲಿ ಏನೂ ಇಲ್ಲ ತಾನೆ?"